ಹೆಸರಿರಬೇಕಾದಲ್ಲಿ ಒಂದು ಅಡ್ಡಗೆರೆ

ಪಾಸ್‌ವರ್ಡ್ ಕೇಳಲೇ ಇಲ್ಲ.

ಸರ್ವರಕ್ಕ ವಿಳಾಸವನ್ನು ಮತ್ತೊಮ್ಮೆ ಒತ್ತಿದಳು. ಭದ್ರವಾಗಿ ಬೀಗ ಹಾಕಿದ್ದೇವೆ ಎಂದು ಇಡೀ ಫ್ಯಾಕ್ಟರಿ ಆಣೆ ಮಾಡುತ್ತಿದ್ದ ಫೋಲ್ಡರು, ಹಳೇ ಗೆಳತಿ ಬಂದಳೇನೋ ಎಂಬಂತೆ ಬಾಗಿಲು ತೆರೆದು ನಿಂತಿತು. ಒಳಗೆ ಸಾಲು ಸಾಲು ಸೆಂಟಿನ ಫಾರ್ಮುಲಾಗಳು. ಯಾವ ಎಣ್ಣೆ ಎಷ್ಟು ಹನಿ, ಯಾವುದರ ಜೊತೆಗೆ ಯಾವುದು, ಎಷ್ಟು ದಿನ ಕತ್ತಲಲ್ಲಿಡಬೇಕು. ಮೂರು ತಲೆಮಾರಿನ ಗುಟ್ಟು, ಕಣ್ಣು ಮಿಟುಕಿಸುವಷ್ಟರಲ್ಲಿ ರಟ್ಟು.

ಇದೇ ಫೋಲ್ಡರಿನಲ್ಲಿದ್ದ ಹೊಸ ಸೆಂಟಿನ ಫಾರ್ಮುಲಾ ಹೋದ ವಾರ ಎದುರಾಳಿ ಕಂಪನಿಯ ಸೀಸೆಯಲ್ಲಿ ಪ್ರತ್ಯಕ್ಷವಾಗಿತ್ತು. ಸಂಜೆ ಫ್ಯಾಕ್ಟರಿ ಬಾಗಿಲು ಹಾಕುವಷ್ಟರಲ್ಲಿ ಕಳ್ಳನ ಹೆಸರು ಸಿಗದಿದ್ದರೆ, ಸರ್ವರ್ ನೋಡಿಕೊಳ್ಳುವ ತನ್ನ ಅಳಿಯನನ್ನೇ ಪೊಲೀಸರಿಗೆ ಒಪ್ಪಿಸುವುದಾಗಿ, ಪತ್ತೆ ಮಾಡಲು ಸರ್ವರಕ್ಕನನ್ನು ಕರೆಸಿದ್ದ ಒಡತಿ ಹೇಳಿಬಿಟ್ಟಿದ್ದಳು.

ಸರ್ವರಕ್ಕ ಮೊದಲು ಸಂಶಯಪಟ್ಟದ್ದು ಬ್ರೌಸರನ್ನು. ಅದರ ಚಾಳಿ ಅವಳಿಗೆ ಗೊತ್ತಿತ್ತು. ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಮುಚ್ಚುವ ತನಕ ಹೊಟ್ಟೆಯಲ್ಲಿಟ್ಟುಕೊಂಡು, ಪ್ರತಿ ಬಾಗಿಲಲ್ಲೂ ನಮ್ಮ ಪರವಾಗಿ ತಾನೇ ಹೇಳುತ್ತ ಹೋಗುತ್ತದೆ. ಮುಚ್ಚಿದಳು. ಅದರ ನೆನಪನ್ನೆಲ್ಲ ಒರೆಸಿ ಹಾಕಿದಳು. ಮತ್ತೆ ತೆರೆದಳು. ಫೋಲ್ಡರು ಮತ್ತೆ ಬಾಯಿ ತೆರೆಯಿತು.

ಆಮೇಲೆ ತನ್ನ ಫೋನು ತೆಗೆದಳು. ಫ್ಯಾಕ್ಟರಿಯ ವೈಫೈ ಬಿಟ್ಟು, ಫೋನಿನದೇ ಇಂಟರ್‌ನೆಟ್ಟಿನಲ್ಲಿ ಅದೇ ವಿಳಾಸ ಒತ್ತಿದಳು. ಈಗ ಬಂತು ಬಿಳಿ ಚೌಕ, ಹುಬ್ಬು ಗಂಟಿಕ್ಕಿಕೊಂಡು: ಹೆಸರು ಹೇಳು, ಪಾಸ್‌ವರ್ಡ್ ಹೇಳು.

ಅಂದರೆ ಹೊರಗಿನವರಿಗೆ ಬೀಗ. ಒಳಗಿನವರಿಗೆ ಬರೀ ಬಾಗಿಲು.

ಅವಳಿಗೆ ಸರ್ವರಕ್ಕ ಎಂಬ ಹೆಸರು ಯಾರಿಟ್ಟರೋ ತಿಳಿಯದು. ಸರ್ವರುಗಳನ್ನು ರಿಪೇರಿ ಮಾಡುವ ಅಕ್ಕ ಎಂದು ಶುರುವಾದದ್ದು, ಬಾಯಿಂದ ಬಾಯಿಗೆ ಬಿದ್ದು ಸವೆದು ಹೀಗಾಗಿತ್ತು. ಸರ್ವರಿಗೂ ಅಕ್ಕ, ಸ್ವಂತಕ್ಕೆ ಕರೆಯುವ ತಮ್ಮನೂ ಇಲ್ಲ, ತಂಗಿಯೂ ಇಲ್ಲ. ಏನಾದರೂ ಕೆಟ್ಟರೆ ಮಾತ್ರ ಅವಳ ನೆನಪಾಗುತ್ತಿತ್ತು. ಕೆಟ್ಟದ್ದು ಸರಿಹೋದ ಕೂಡಲೇ ಜನ ಅವಳನ್ನು ಮರೆಯುತ್ತಿದ್ದರು, ತಲೆನೋವು ಹೋದ ಮೇಲೆ ಮಾತ್ರೆಯನ್ನು ಮರೆಯುವ ಹಾಗೆ. ದೂರದ ಯಂತ್ರವೊಂದಕ್ಕೆ "ಬದುಕಿದ್ದೀಯಾ" ಎಂದು ಕೇಳುವ ಆಜ್ಞೆಯೊಂದು ಸರ್ವರುಗಳನ್ನು ನಡೆಸುವ ಲಿನಕ್ಸಿನಲ್ಲಿದೆ. ಅವಳು ದಿನಕ್ಕೆ ಹತ್ತಾರು ಯಂತ್ರಗಳನ್ನು ಹಾಗೆ ವಿಚಾರಿಸಿಕೊಳ್ಳುತ್ತಿದ್ದಳು. ಅವೂ ಪಾಪ, ಇದ್ದೇನೆ, ಇದ್ದೇನೆ ಎನ್ನುತ್ತಿದ್ದವು. ಅವಳನ್ನು ಹಾಗೆ ಕೇಳುವವರು ಯಾರೂ ಇರಲಿಲ್ಲ.

ಈಗ ಅವಳು ಲಾಗ್ ತೆರೆದಳು.

ಲಾಗ್ ಎಂದರೆ ಸರ್ವರಿನ ಕಾವಲುಗಾರ ತನ್ನಷ್ಟಕ್ಕೆ ತಾನು ಗೊಣಗಿಕೊಳ್ಳುವುದು. ಬಂದವರಿಗೊಂದು ಸಾಲು: ಎಲ್ಲಿಂದ ಬಂದರು, ಯಾರು, ಯಾವ ಪುಟ ಕೇಳಿದರು, ಏನು ಉತ್ತರ ಕೊಟ್ಟೆ. ಉತ್ತರವನ್ನು ಅವನು ಅಂಕಿಯಲ್ಲಿ ಬರೆಯುತ್ತಾನೆ. ನಾನೂರ ಒಂದು ಎಂದರೆ "ನಿಲ್ಲು, ನೀನ್ಯಾರು". ಇನ್ನೂರು ಎಂದರೆ "ಒಳಗೆ ಬಾ". ಪಾಸ್‌ವರ್ಡ್ ಇರುವ ಬಾಗಿಲಿಗೆ ಹೊಸಬರು ಬಂದರೆ ಮೊದಲು ನಾನೂರ ಒಂದು ಬರಬೇಕು, ಹೆಸರು ಹೇಳಿದ ಮೇಲೆ ಇನ್ನೂರು.

ಫ್ಯಾಕ್ಟರಿ ತೆರೆದಿದ್ದ ಪ್ರತಿ ದಿನ ಬೆಳಿಗ್ಗೆ ಯಾರೋ ಒಬ್ಬರು ಆ ಫೋಲ್ಡರಿಗೆ ಬಂದಿದ್ದರು. ಒಂದೇ ಪುಟ ನೋಡಿದ್ದರು. ಹೋಗಿದ್ದರು. "ನೀನ್ಯಾರು" ಎಂಬ ಪ್ರಶ್ನೆಯೇ ಇರಲಿಲ್ಲ, ನೇರ "ಒಳಗೆ ಬಾ". ಹೆಸರಿರಬೇಕಾದ ಜಾಗದಲ್ಲಿ ಒಂದು ಪುಟ್ಟ ಅಡ್ಡಗೆರೆ. ಹೆಸರು ಹೇಳದೆ ಬಂದವರಿಗೆ ಕಾವಲುಗಾರ ಎಳೆಯುವ ಗೆರೆ ಅದು.

ಆ ಗೆರೆಯನ್ನು ಅವಳು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು. ದಿನಾ ಬರುವುದು, ಯಾರಿಗೂ ಗೊತ್ತಾಗದೆ ಹೋಗುವುದು, ಹಿಂದೆ ಉಳಿಯುವುದು ಒಂದು ಗೆರೆ. ಕಳ್ಳನೇ ಇರಬಹುದು. ಆದರೂ ಪಾಪ ಎನ್ನಿಸಿತು.

*

ಅಳಿಯ ಸರ್ವರ್ ಕೋಣೆಯಲ್ಲಿದ್ದ. ಕೋಣೆ ಎಂದರೆ ಖಾಲಿ ಸೀಸೆಗಳ ಗೋದಾಮಿನ ಒಂದು ಮೂಲೆ. ಸರ್ವರಿಗೆ ಫ್ಯಾನಿತ್ತು, ಅಳಿಯನಿಗೆ ಇರಲಿಲ್ಲ. ಅತ್ತೆಯ ಮನೆಯಲ್ಲಿ ಊಟ, ಅತ್ತೆಯ ಫ್ಯಾಕ್ಟರಿಯಲ್ಲಿ ಕೆಲಸ, ಅತ್ತ ಹೋದರೂ ಅತ್ತೆ ಇತ್ತ ಹೋದರೂ ಅತ್ತೆ. ಅಂಥವನು ಈಗ ಅತ್ತೇಬಿಡುವ ಹಾಗೆ ಕೂತಿದ್ದ. ಗಡ್ಡ ಬೋಳಿಸಿರಲಿಲ್ಲ. ಹೆಂಡತಿ ಬೆಳಿಗ್ಗೆಯಿಂದ ಮಾತಾಡಿಲ್ಲವಂತೆ. ತಾಯಿಯ ಕಡೆಗೆ ವಾಲಬೇಕೋ ಗಂಡನ ಕಡೆಗೆ ವಾಲಬೇಕೋ ತಿಳಿಯದೆ ಅವಳು ತಲೆನೋವಿನ ಕಡೆಗೆ ವಾಲಿ ಮಲಗಿದ್ದಳಂತೆ.

ಸರ್ವರಕ್ಕ ಸರ್ವರಿಗೆ ನಿಯಮ ಹೇಳಿಕೊಡುವ ಕಾನ್ಫಿಗ್ ಫೈಲು ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟಳು. ಆ ಸಾಲಿನ ಅರ್ಥ ಇಷ್ಟೇ: ಬಂದವನು ಫ್ಯಾಕ್ಟರಿಯ ಒಳಗಿನ ಕಂಪ್ಯೂಟರಿನಿಂದ ಬಂದಿರಬೇಕು, ಇಲ್ಲವೇ ಪಾಸ್‌ವರ್ಡ್ ಹೇಳಬೇಕು, ಎರಡರಲ್ಲಿ ಒಂದಿದ್ದರೂ ಸಾಕು.

"ಅಳಿಯಂದ್ರೇ, ಇದನ್ನ ಬರೆದದ್ದು ಯಾರು?"

ಅಳಿಯ ಪರದೆ ನೋಡಿದ, ಸೂರು ನೋಡಿದ, ಕೊನೆಗೆ ತನ್ನ ಚಪ್ಪಲಿಯನ್ನು ಬಹಳ ಆಸಕ್ತಿಯಿಂದ ನೋಡಿದ.

"ಮೊದಲಿಂದ್ಲೂ ಇತ್ತೇನೋ ಅಕ್ಕಾ."

"ಫೈಲು ತಿದ್ದಿದ ತಾರೀಖು ಹಾಗೆ ಹೇಳ್ತಿಲ್ಲ. ನಿಮ್ಮತ್ತೆ ಬರೆದ್ರು ಅನ್ನೋಣ ಅಂದ್ರೆ, ಅವರು ಕಾನ್ಫಿಗ್ ಅಂದ್ರೆ ಯಾವ್ದೋ ಕಾಫಿಪುಡಿ ಅನ್ಕೊಂಡಿದಾರೆ."

ಆಗ ಅಳಿಯ ಬಾಯಿ ಬಿಟ್ಟ. ಅತ್ತೆಗೆ ಪಾಸ್‌ವರ್ಡ್ ನೆನಪಿರುತ್ತಿರಲಿಲ್ಲವಂತೆ. ವಾರಕ್ಕೊಮ್ಮೆ ಮರೆತು, ಎಲ್ಲರೆದುರು ಇವನಿಗೆ ಫೋನು ಮಾಡಿ, ಪಾಸ್‌ವರ್ಡ್ ಒಂದು ಬಿಟ್ಟು ಉಳಿದದ್ದೆಲ್ಲ ಬೈಗುಳವಂತೆ. ಇವನು ಹೊಸತೊಂದು ಇಟ್ಟುಕೊಡಬೇಕು, ಅವರು ಅದನ್ನೂ ಮರೆಯಬೇಕು. ಕೊನೆಗೆ ರೋಸಿಹೋಗಿ ಒಳಗಿನವರಿಗೆ ಪಾಸ್‌ವರ್ಡೇ ಬೇಡ ಎಂದು ಆ ಸಾಲು ಬರೆದು, ಬೀಗ ಇನ್ನೂ ಬಿಗಿ ಮಾಡಿದ್ದೇನೆ ಎಂದು ಎಲ್ಲರಿಗೂ ಹೇಳಿಬಿಟ್ಟನಂತೆ.

"ಮರುದಿನ ಅತ್ತೆ ಬಂದು, 'ನಿನ್ನ ಕಂಪ್ಯೂಟರಿಗೆ ಈಗ ಸ್ವಲ್ಪ ಮರ್ಯಾದೆ ಬಂದಿದೆ, ಪರವಾಗಿಲ್ಲ ಕಣೋ' ಅಂದ್ರು. ಮದುವೆ ಆದಾಗಿಂದ ಅವರು ನನ್ನ ಹೊಗಳಿದ್ದು ಅದೊಂದೇ ಸಲ ಅಕ್ಕಾ. ಹೆಂಗೆ ತೆಗೀಲಿ ಹೇಳಿ ಆ ಸಾಲನ್ನ?"

"ಅವರಿಗೆ ನಿಜ ಹೇಳಿದ್ರಾ?"

"ಅವರಿಗೂ ಹೇಳಿಲ್ಲ, ಯಾರಿಗೂ ಹೇಳಿಲ್ಲ. ಪಾಸ್‌ವರ್ಡ್ ಕಂಪ್ಯೂಟರಿಗೆ ಬಾಯಿಪಾಠ ಆಗಿದೆ ಅಂದೆ. ನಂಬಿದ್ರು."

ಸರ್ವರಕ್ಕನಿಗೆ ನಗು ಬಂತು. ಕೆಲಸದಲ್ಲಿ ಅವಳು ಕಂಡ ತೂತುಗಳಲ್ಲಿ ಅರ್ಧಕ್ಕರ್ಧ ಹೀಗೆಯೇ ಬಿದ್ದವು. ಕಳ್ಳರು ಕೊರೆದವಲ್ಲ, ಬೈಗುಳ ತಾಳಲಾರದ ಒಳ್ಳೆಯವರು ಕೊರೆದವು.

"ಹಾಗಾದ್ರೆ ನಾನು ಬಚಾವಾ ಅಕ್ಕಾ?"

"ನೀವೊಬ್ರೇ ಅಲ್ಲ ಅಂತಾಯ್ತು. ನೀವಲ್ಲ ಅಂತ ಇನ್ನೂ ಆಗಿಲ್ಲ."

ಅಳಿಯನ ಮುಖ ಅರಳಲು ಹೊರಟದ್ದು ಅರ್ಧ ದಾರಿಯಲ್ಲೇ ಬಾಡಿತು. ಸರ್ವರಕ್ಕ ಆ ಅಡ್ಡಗೆರೆಗಳ ಪಕ್ಕದಲ್ಲಿದ್ದ ಕಂಪ್ಯೂಟರ್ ಸಂಖ್ಯೆಯನ್ನು ತೋರಿಸಿ, ಇದು ಯಾವ ಕೋಣೆಯದು ಎಂದು ಕೇಳಿದಳು. ಅವನು ನೋಡಿದ. ಮತ್ತೆ ನೋಡಿದ. ಧ್ವನಿ ತಗ್ಗಿಸಿದ.

"ಇದು ರಾಯರ ಕೋಣೇದು. ಆದ್ರೆ ಅಲ್ಲಿ ಕಂಪ್ಯೂಟರ್ ಇರೋದು ತಕ್ಕಡಿಗೆ. ರಾಯರು ಅದನ್ನ ಮುಟ್ಟೋದೂ ಇಲ್ಲ."

*

ಮೂಗುರಾಯರು ಈ ಫ್ಯಾಕ್ಟರಿಯ ಮೂಗು. ಒಡತಿಯ ಒಡಹುಟ್ಟಿದ ಅಣ್ಣ. ಇಲ್ಲಿ ತಯಾರಾದ ಒಂದೊಂದು ಸೆಂಟೂ ಅವರ ಎರಡು ಹೊಳ್ಳೆಗಳ ದಾರಿಯಲ್ಲಿ ಹಾದೇ ಬಂದದ್ದು. ತಂಗಿ ಲೆಕ್ಕಪತ್ರ, ಅಣ್ಣ ಮೂಗು. ಹಾಗಾಗಿ ಫ್ಯಾಕ್ಟರಿಯಲ್ಲಿ ಎಲ್ಲವೂ ರಾಯರ ಮೂಗಿನ ನೇರಕ್ಕೇ ನಡೆಯಬೇಕು ಎಂಬುದು ಗಾದಿ ಏರಿ ಕೂತ ಕಾನೂನು. ಕಂಪ್ಯೂಟರೆಂದರೆ ಅವರಿಗೆ ಅಷ್ಟಕ್ಕಷ್ಟೆ. ನನ್ನ ಕಂಪ್ಯೂಟರನ್ನು ದೇವರು ಮುಖದ ಮಧ್ಯದಲ್ಲೇ ಇಟ್ಟಿದ್ದಾನೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರಂತೆ. ಫಾರ್ಮುಲಾಗಳನ್ನು ಹಿಂದೊಮ್ಮೆ ಅವರು ಬಾಯಲ್ಲಿ ಹೇಳಿದ್ದರು, ಅಳಿಯ ಟೈಪು ಮಾಡಿಕೊಂಡಿದ್ದ, ಅಷ್ಟೆ. ತಮ್ಮದೇ ಫಾರ್ಮುಲಾವನ್ನು ತಾವೇ ಓದಲು ಅವರೇನು ಪರೀಕ್ಷೆಗೆ ಕೂತ ಮಕ್ಕಳೇ?

ಸರ್ವರಕ್ಕ ಊಟದ ಹೊತ್ತಿಗಾಗಿ ಕಾದಳು. ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಹೋಗಿ ತುಂಬಿದ ಮೇಜೊಂದರ ತುದಿಯಲ್ಲಿ ಕೂತಳು. ಅವಳು ಎರಡು ತುತ್ತು ಮುಗಿಸುವಷ್ಟರಲ್ಲಿ ಒಬ್ಬರಿಗೆ ನೀರು ಬೇಕಾಯಿತು, ಇನ್ನೊಬ್ಬರಿಗೆ ಫೋನು ಬಂತು, ಮತ್ತೊಬ್ಬರಿಗೆ ಹೊಟ್ಟೆಯೇ ತುಂಬಿಬಿಟ್ಟಿತು. ಪತ್ತೇದಾರಿ ಬಂದಲ್ಲಿ ಉಳಿದವರು ಪತ್ತೆ ಇಲ್ಲ. ಅವಳಿಗೆ ಇದು ಅಭ್ಯಾಸವಾಗಿತ್ತು. ಅಭ್ಯಾಸವಾಗಿದೆ ಎಂದು ತನಗೆ ತಾನೇ ಹೇಳಿಕೊಳ್ಳುವುದೂ ಅಭ್ಯಾಸವಾಗಿತ್ತು.

ಫೋನು ಗುಂಯ್ ಎಂದಿತು. ಆಸೆಯಿಂದ ತೆಗೆದು ನೋಡಿದಳು. ಎಲ್ಲೋ ಒಂದು ಯಂತ್ರ ತಿಳಿಸಿತ್ತು: ಬ್ಯಾಕಪ್ ಯಾವ ತೊಂದರೆಯೂ ಇಲ್ಲದೆ ಮುಗಿದಿದೆ. ಒಳ್ಳೇದಾಯ್ತಪ್ಪ ಎಂದು ಅವಳು ಬಾಯಿ ಬಿಟ್ಟೇ ಹೇಳಿದಳು. ಪಕ್ಕದ ಮೇಜಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆ ಪಕ್ಕದ ಮೇಜಿನಲ್ಲಿ ಪ್ಯಾಕಿಂಗಿನ ಹೆಂಗಸರಿದ್ದರು. ಅವರ ಮಾತು ರಾಯರ ಕೋಣೆಯ ಮೇಲೇ ಹೊರಳಿತ್ತು. ಆ ಕಡೆ ಕಾರಿಡಾರಿನಲ್ಲಿ ಈಚೆಗೆ ಒಂದು ಥರದ ನಾತ. ಮೂಗು ಮುಚ್ಚಿಕೊಂಡು ಓಡಾಡಬೇಕು. ಆದರೆ ಯಾರೂ ದೂರು ಕೊಟ್ಟಿಲ್ಲ, ಯಾಕೆಂದರೆ ರಾಯರು ಏನೋ ಹೊಸದು ಮಾಡುತ್ತಿದ್ದಾರೆ. ಎಳೆಯವಳೊಬ್ಬಳು, ಅದು ಏನೋ ಸತ್ತ ವಾಸನೆಯ ಹಾಗಿದೆ ಎಂದದ್ದಕ್ಕೆ ಹಿರಿಯವಳು ಗದರಿದಳು.

"ನಿನಗೇನ್ ಗೊತ್ತು? ದೊಡ್ಡ ಸೆಂಟೆಲ್ಲ ಮೊದಲು ಹಂಗೇ ಇರ್ತವೆ. ಹದಿನೈದು ದಿನ ಕೂತ್ರೆ ಕಸ್ತೂರಿ ಆಗುತ್ತೆ. ನಮ್ಮ ಮೂಗಿಗೆ ಗೊತ್ತಾಗೋದು ರಾಯರ ಮೂಗಿಗೆ ಗೊತ್ತಾಗಲ್ವಾ?"

ಸರ್ವರಕ್ಕನ ಕೈಯ ತುತ್ತು ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ಊಟ ಅಷ್ಟಕ್ಕೇ ಬಿಟ್ಟು ಎದ್ದಳು.

*

ಕಾರಿಡಾರಿನ ತಿರುವಿನಲ್ಲೇ ಅದು ಎದುರು ಬಂದು ಸ್ವಾಗತಿಸಿತು. ರಾಯರ ಬಾಗಿಲು ತೆರೆದಾಗ ಕೈಹಿಡಿದು ಒಳಗೆ ಕರೆದೊಯ್ದಿತು. ಹೆಗ್ಗಣವೊಂದು ಮುಂಗಡ ತಿಳಿಸದೆ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಬೀರುವಿನ ಹಿಂದೆಯೇ ಉಳಿದುಬಿಟ್ಟಿತ್ತು. ಅದರಲ್ಲಿ ಸಂಶಯಕ್ಕೆ ಎಡೆಯೇ ಇರಲಿಲ್ಲ. ಸರ್ವರಕ್ಕನ ಕಣ್ಣಲ್ಲಿ ನೀರಾಡಿತು.

ಗೋಡೆಯುದ್ದಕ್ಕೂ ಕಂದು ಬಣ್ಣದ ಸೀಸೆಗಳು. ಕಿಟಕಿಯ ಬಿಸಿಲು ಅವುಗಳೊಳಗೆ ಇಳಿದು ಜೇನಿನಂತೆ ನಿಂತಿತ್ತು. ಮಧ್ಯದಲ್ಲಿ ತಕ್ಕಡಿ, ತಕ್ಕಡಿಯ ಪಕ್ಕದಲ್ಲಿ ಕಂಪ್ಯೂಟರು. ಆ ನಾತದ ನಟ್ಟನಡುವೆ ರಾಯರು, ಬಿಳಿ ಕೋಟು, ಬಾಚಿದ ಬಿಳಿ ಕೂದಲು, ಕೂತು ನೆಮ್ಮದಿಯಾಗಿ ಚಹಾ ಕುಡಿಯುತ್ತಿದ್ದರು.

"ಬಾಮ್ಮಾ, ಕೂತ್ಕೋ. ಕಂಪ್ಯೂಟರಿನವಳು ಅಲ್ವಾ ನೀನು? ಇಲ್ಲಿ ನಿನಗೇನೂ ಸಿಗಲ್ಲ. ಇಲ್ಲಿರೋದೆಲ್ಲ ಮೂಗಿನ ಕೆಲಸ."

ಅವರು ಕಾಗದದ ಪಟ್ಟಿಯೊಂದನ್ನು ಸೀಸೆಯಲ್ಲಿ ಅದ್ದಿ, ಮೂಗಿನ ಮುಂದೆ ಎರಡು ಸಲ ಆಡಿಸಿ, ಕಣ್ಣು ಮುಚ್ಚಿ, ಬೇಕಾದಷ್ಟು ಹೊತ್ತು ತೆಗೆದುಕೊಂಡು ಒಂದು ನಿಟ್ಟುಸಿರು ಬಿಟ್ಟರು. ಬಹಳ ಚೆನ್ನಾದ ನಿಟ್ಟುಸಿರು. ಗೊತ್ತಿಲ್ಲದವರು ಚಪ್ಪಾಳೆ ತಟ್ಟುತ್ತಿದ್ದರು.

ಸರ್ವರಕ್ಕನಿಗೆ ಬಂದ ಕೆಲಸ ಮಾಡದೆ ಹಾಗೇ ಹೊರಟುಹೋಗಬೇಕು ಎನ್ನಿಸಿತು. ಆದರೆ ಗೋದಾಮಿನ ಮೂಲೆಯಲ್ಲಿ ಫ್ಯಾನಿಲ್ಲದೆ ಕೂತ ಅಳಿಯ ನೆನಪಾದ.

"ರಾಯರೇ, ನಿಮ್ಮ ಬೀರು ಹಿಂದೆ ಏನೋ ಸತ್ತಿದೆ."

ಚಹಾದ ಲೋಟ ಅವರ ಕೈಯಲ್ಲಿ ಅಲುಗಲಿಲ್ಲ. ಮುಖವೂ ಅಲುಗಲಿಲ್ಲ. ಕಿವಿಯ ತುದಿ ಮಾತ್ರ ನಿಧಾನಕ್ಕೆ ಕೆಂಪಾಯಿತು.

"ತುಂಬಾ ಇದೆಯಾ?"

"ತುಂಬಾ."

"ಎಷ್ಟು ದಿನದಿಂದ?"

"ನಾನು ಬಂದದ್ದು ಈಚೆಗೆ. ಕಾರಿಡಾರಿನವರು ಸ್ವಲ್ಪ ದಿನದಿಂದ ಅಂತಾರೆ. ನೀವು ಹೊಸ ಸೆಂಟು ಮಾಡ್ತಿದೀರಿ ಅನ್ಕೊಂಡಿದಾರೆ."

ರಾಯರು ಲೋಟ ಕೆಳಗಿಟ್ಟರು. ನಗಲು ಹೊರಟರು, ಆಗಲಿಲ್ಲ. ಎದ್ದು ಹೋಗಿ ಕಿಟಕಿ ತೆರೆದರು. ಯಾವುದು ಹೊರಗೆ ಹೋಗಬೇಕೋ ಅದು ಹೋಗುತ್ತಿದೆಯೋ ಇಲ್ಲವೋ ತಿಳಿಯದವರ ಹಾಗೆ ಅಲ್ಲೇ ನಿಂತರು.

ಹೋದ ವರ್ಷ ಜ್ವರ ಬಂದಿತ್ತಂತೆ. ಜ್ವರ ಹೋಗುವಾಗ ಒಬ್ಬಂಟಿಯಾಗಿ ಹೋಗಲಿಲ್ಲ, ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಬರುತ್ತೆ ಬರುತ್ತೆ ಎಂದು ಡಾಕ್ಟರು ಹೇಳಿದರು. ಬರಲಿಲ್ಲ. ಯಾರಿಗೆ ಹೇಳುವುದು? ಮೂಗಿಲ್ಲದ ಮೂಗುರಾಯರಿಗೆ ಇಲ್ಲಿ ಕೆಲಸವೇನು? ಆವತ್ತಿನಿಂದ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಆವತ್ತು ಬೆರೆಸಬೇಕಾದ ಸೆಂಟಿನ ಫಾರ್ಮುಲಾವನ್ನು ಈ ಕಂಪ್ಯೂಟರಿನಲ್ಲಿ ಓದಿ, ತಕ್ಕಡಿ ಹೇಳಿದಷ್ಟು ಹಾಕಿ ಕೂರುತ್ತಿದ್ದರು. ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಎದುರಿನವರ ಮುಖ ನೋಡಿ ತಿಳಿಯುತ್ತಿದ್ದರು. ಇಷ್ಟು ದಿನ ಈ ಫ್ಯಾಕ್ಟರಿ ಮೂಗಿನ ಮೇಲೆ ನಡೆದಿರಲಿಲ್ಲ, ಕಣ್ಣಿನ ಮೇಲೆ ನಡೆದಿತ್ತು.

"ಅದು ಪಾಸ್‌ವರ್ಡ್ ಕೇಳ್ಲಿಲ್ಲ," ಎಂದರು ರಾಯರು. "ನನ್ನದೇ ಫಾರ್ಮುಲಾ ಅಲ್ವಾ, ನನ್ನನ್ನ ಏನು ಕೇಳೋದು ಅಂತ ಬಿಟ್ಟಿರ್ತಾರೆ ಅನ್ಕೊಂಡೆ."

ರಾಯರು ಕಿಟಕಿಯ ಸರಳು ಹಿಡಿದುಕೊಂಡರು.

"ಊಟ ಬಿಡು, ಅದನ್ನ ತಡ್ಕೋಬಹುದು. ರಟ್ಟು ಅಗಿದ ಹಾಗೆ ಅಗೀತೀನಿ. ಸಂಜೆ ಮನೆ ಬಾಗಿಲು ತೆಗೀತೀನಲ್ಲಮ್ಮಾ, ಅದು ಆಗಲ್ಲ. ಮೊದಲು ಬಾಗಿಲು ತೆಗೆದ ಕೂಡ್ಲೇ ಗೊತ್ತಾಗೋದು, ಇದು ನನ್ನ ಮನೆ ಅಂತ. ಹಳೇ ಪುಸ್ತಕ, ಸೋಪು, ಗೋಡೆ, ಎಲ್ಲ ಸೇರಿ ಒಂದು ವಾಸನೆ ಇರುತ್ತೆ. ಈಗ ದೀಪ ಹಾಕೋವರೆಗೂ ಯಾರ ಮನೆಗೆ ಬಂದೆ ಅಂತಲೇ ಗೊತ್ತಾಗಲ್ಲ."

ತನ್ನ ಬಾಡಿಗೆ ಕೋಣೆಯ ವಾಸನೆ ಎಂಥದು ಎಂದು ಸರ್ವರಕ್ಕ ನೆನಪಿಸಿಕೊಳ್ಳಲು ನೋಡಿದಳು. ಮೂಗು ನೆಟ್ಟಗಿದ್ದ ಅವಳಿಗೂ ನೆನಪಾಗಲಿಲ್ಲ.

"ನನ್ನ ತಂಗಿಗೆ ಹೇಳ್ತೀಯಾ?"

"ಅದು ನಿಮ್ಮ ಬಾಯಿಂದ ಬರಬೇಕಾದ ಮಾತು ರಾಯರೇ. ನನ್ನ ಬಾಯಿಂದ ಬರಲ್ಲ. ಮಾತು ಕೊಡ್ತೀನಿ." ಅವಳು ಕುರ್ಚಿ ಎಳೆದುಕೊಂಡು ಅವರ ಕಂಪ್ಯೂಟರಿನ ಮುಂದೆ ಕೂತಳು. "ಆದ್ರೆ ಅಳಿಯಂದ್ರಿಗೆ ಉಳಿದಿರೋದು ಸಂಜೆವರೆಗೆ ಮಾತ್ರ. ಒಂದು ಹೇಳಿ. ಆ ಹೊಸ ಸೆಂಟು, ಈಗ ಕಳುವಾಗಿದೆಯಲ್ಲ, ಅದನ್ನ ನೀವು ಮಾಡಿದ್ದು ಜ್ವರಕ್ಕೆ ಮುಂಚೆಯಾ, ಆಮೇಲಾ?"

ರಾಯರು ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದರು.

"ಅದು ನನ್ನದಲ್ಲಮ್ಮಾ."

ಕೆಳಗೆ ಅಂಗಳದಲ್ಲಿ ಲಾರಿಯೊಂದು ಹಿಂದೆ ಸರಿಯುತ್ತ ಕೂಗಿಕೊಳ್ಳುತ್ತಿತ್ತು. ಅದು ನಿಂತ ಮೇಲೆ ರಾಯರು ಮುಂದುವರಿಸಿದರು.

"ಒಂದು ಸೋಮವಾರ ಬೆಳಿಗ್ಗೆ ಬಂದು ನೋಡ್ತೀನಿ, ಫೋಲ್ಡರಿನಲ್ಲಿ ಅದು ಇತ್ತು. ಮೇಲೆ ನನ್ನ ಹೆಸರು. ನಾನು ಬರೆಸಿದ್ದಲ್ಲ, ಕಂಡದ್ದೇ ಇಲ್ಲ. ಮಧ್ಯಾಹ್ನ ತಂಗಿ ಬಂದು, 'ಅಣ್ಣಾ, ನಿನ್ನ ಹೊಸದನ್ನ ಬೆರೆಸಿ ತೋರ್ಸು' ಅಂದ್ಳು. ಬೆರೆಸಿದೆ. ಮೂಸಿ ನೋಡಿ ಕಣ್ಣೀರು ಹಾಕಿದ್ಳು. ನನ್ನದಲ್ಲ ಅಂದಿದ್ರೆ, ಹಾಗಾದ್ರೆ ಯಾರ ಕೈ ಇದು, ಮೂಸಿ ಹೇಳು ಅನ್ನೋಳು. ಏನಂತ ಹೇಳ್ಲಿ?"

ಸರ್ವರಕ್ಕನ ಬೆರಳುಗಳು ಆಗಲೇ ಕೀಲಿಮಣೆಯ ಮೇಲಿದ್ದವು.

ಲಿನಕ್ಸಿನಲ್ಲಿ ಪ್ರತಿ ಫೈಲಿಗೂ ಒಬ್ಬ ಯಜಮಾನನಿರುತ್ತಾನೆ, ಒಂದು ತಾರೀಖಿರುತ್ತದೆ. ಉಳಿದ ಫಾರ್ಮುಲಾಗಳೆಲ್ಲ ಅಳಿಯನ ಹೆಸರಿನಲ್ಲಿದ್ದವು, ಅವನು ಟೈಪು ಮಾಡಿದವು. ಈ ಹೊಸತೊಂದರ ಯಜಮಾನ ಮಾತ್ರ ವೆಬ್ ಸರ್ವರೇ. ಅಂದರೆ ಇದನ್ನು ಯಾರೂ ಸರ್ವರಿನಲ್ಲಿ ಕೂತು ಬರೆದದ್ದಲ್ಲ, ಬ್ರೌಸರಿನ ದಾರಿಯಲ್ಲಿ "ಫೈಲು ಸೇರಿಸು" ಗುಂಡಿ ಒತ್ತಿ ಕಳಿಸಿದ್ದು. ತಾರೀಖು ಒಂದು ಭಾನುವಾರ. ಫ್ಯಾಕ್ಟರಿಗೆ ರಜೆ.

ಆ ಭಾನುವಾರದ ಲಾಗು ಹಳತಾಗಿ ಗಂಟು ಕಟ್ಟಿಸಿಕೊಂಡು ಮೂಲೆ ಸೇರಿತ್ತು. ಬಿಚ್ಚಿದಳು.

ಇಡೀ ದಿನಕ್ಕೆ ಆ ಗುಂಡಿಗೆ ಸೇರಿದ ಸಾಲು ಎರಡೇ. ಹೊರಗಿನಿಂದ ಯಾರೋ ಬಂದಿದ್ದರು. ಮೊದಲ ಸಾಲಿನಲ್ಲಿ ಅಡ್ಡಗೆರೆ, ನಾನೂರ ಒಂದು: ನಿಲ್ಲು, ನೀನ್ಯಾರು. ಎರಡನೆಯದರಲ್ಲಿ ಇನ್ನೂರು: ಒಳಗೆ ಬಾ. ಒಂದೇ ಏಟಿಗೆ ಸರಿಯಾದ ಪಾಸ್‌ವರ್ಡ್, ತಡವರಿಕೆ ಇಲ್ಲ, ತಪ್ಪು ಇಲ್ಲ. ಮತ್ತು ಅಡ್ಡಗೆರೆ ಇರಬೇಕಾದಲ್ಲಿ ಈ ಸಲ ಒಂದು ಹೆಸರು.

ವಾರಕ್ಕೊಮ್ಮೆ ಪಾಸ್‌ವರ್ಡ್ ಮರೆಯುತ್ತಿದ್ದ ಒಡತಿಯ ಹೆಸರು.

ಅಳಿಯ ಅವಳ ಹೆಸರಿನಲ್ಲಿ ಬಂದಿರಬಹುದೇ? ಸರ್ವರಕ್ಕ ಆ ಯೋಚನೆಯನ್ನು ಎರಡೂ ಕಡೆಯಿಂದ ತಿರುಗಿಸಿ ನೋಡಿದಳು. ಅವನಿಗೆ ಗುಂಡಿಯ ಹಂಗೇ ಇಲ್ಲ, ಸರ್ವರಿನಲ್ಲಿ ಕೂತೇ ಬೇಕಾದ್ದು ಬರೆಯಬಲ್ಲ. ಅಷ್ಟಕ್ಕೂ ಒಳಗಿನಿಂದ ಬಂದರೆ ಹೆಸರು ಉಳಿಯುವುದಿಲ್ಲ ಎಂಬುದು ಅವನಿಗೊಬ್ಬನಿಗೇ ಗೊತ್ತು. ಹೊರಗಿನಿಂದ ಬಂದು ಹೆಸರು ಬಿಟ್ಟುಹೋಗಲು, ಆ ಸಾಲಿನ ವಿಷಯ ತಿಳಿಯದವರೇ ಆಗಬೇಕು. ಯಾರೂ ಇಲ್ಲದ ಹೊತ್ತು ನೋಡಿ, ಯಾರೂ ಕಾಣದ ಜಾಗ ನೋಡಿ, ಅಷ್ಟೆಲ್ಲ ಜಾಗ್ರತೆ ಮಾಡಿದ್ದಕ್ಕೇ ಸಿಕ್ಕಿಬಿದ್ದವರು.

ಅವಳಿಗೆ ಈಗ ಇಡೀ ಸಂಗತಿ ಮಗುಚಿ ಬಿದ್ದಂತೆ ಕಂಡಿತು. ಕಳುವಾದದ್ದು ಇಲ್ಲಿಂದಲ್ಲ. ಕಳುವಾಗಿ ಬಂದದ್ದು ಇಲ್ಲಿಗೆ. ಒಡತಿ ಎದುರಾಳಿಯ ಸೆಂಟಿನ ಫಾರ್ಮುಲಾವನ್ನು ಎಲ್ಲಿಂದಲೋ ತಂದು ಅಣ್ಣನ ಹೆಸರಿನಲ್ಲಿ ಒಳಗಿಟ್ಟಿದ್ದಾಳೆ. ಎದುರಾಳಿ ಮೊದಲೇ ಸೀಸೆ ಹೊರಗೆ ಬಿಟ್ಟದ್ದರಿಂದ ಈಗ ಅದು ನಮ್ಮದು, ಕದ್ದವರು ನೀವು ಎಂದು ಅವರ ಮೇಲೆ ಕೇಸು ಹಾಕಬೇಕು. ಕೇಸಿಗೆ ಒಬ್ಬ ಕಳ್ಳ ಬೇಕು, ಅವನು ನಮ್ಮ ಮನೆಯವನಾದರೆ ಕೋರ್ಟು ಬೇಗ ನಂಬುತ್ತದೆ. ಒಡತಿ ಅವಳನ್ನು ಕರೆಸಿದ್ದು ಕಳ್ಳನನ್ನು ಹುಡುಕಲಲ್ಲ. ಒಂದು ಹೆಸರಿಗೆ ಠಸ್ಸೆ ಒತ್ತಿಸಿಕೊಳ್ಳಲು.

ಹಿಂದೆ ಉಸಿರಿನ ಸದ್ದಾಯಿತು. ರಾಯರು ಅವಳ ಭುಜದ ಮೇಲಿಂದ ಪರದೆ ನೋಡುತ್ತಿದ್ದರು. ಅವರ ಕಣ್ಣಿಗಂತೂ ಏನೂ ಆಗಿರಲಿಲ್ಲ.

"ಇದೇನಮ್ಮಾ ಇದು? ಇಲ್ಲಿ ಪುಟ್ಟಿ ಹೆಸರು ಯಾಕಿದೆ?"

ಅರವತ್ತು ಹತ್ತಿರವಾದ ತಂಗಿ ಅವರ ಬಾಯಲ್ಲಿ ಇನ್ನೂ ಪುಟ್ಟಿಯೇ. ಅಷ್ಟರಲ್ಲಿ ಕಾರಿಡಾರಿನಲ್ಲಿ ಹೆಜ್ಜೆ ಸದ್ದು, ಬಾಗಿಲಲ್ಲಿ ಒಡತಿ. ಅವಳ ಹಿಂದೆ ಅಳಿಯ, ಮುಖದಲ್ಲಿ ರಕ್ತವಿಲ್ಲದೆ.

"ಏನ್ರೀ, ಸಂಜೆವರೆಗೆ ಕಾಯೋ ಹಾಗಿಲ್ಲ. ಪೊಲೀಸಿನವರು ಕೆಳಗೆ ಬಂದು ಕೂತಿದಾರೆ. ಹೆಸರು ಸಿಕ್ತಾ?"

ಸಿಕ್ಕಿತ್ತು. ಸರ್ವರಕ್ಕ ಬಾಯಿ ತೆರೆದಳು.

"ನಾನೇ ಪುಟ್ಟೀ," ಎಂದರು ರಾಯರು.

ಅವರು ಅವಳಿಗೂ ಪರದೆಗೂ ಅಡ್ಡವಾಗಿ ಬಂದು ನಿಂತಿದ್ದರು. ಬಿಳಿ ಕೋಟಿನ ಗುಂಡಿಯನ್ನು ಸರಿ ಮಾಡಿಕೊಂಡರು. "ಫಾರ್ಮುಲಾ ಮಾರಿದ್ದು ನಾನು. ಈ ಹುಡುಗನ್ನ ಬಿಟ್ಬಿಡು."

ಅಳಿಯ ಬಾಯಿ ತೆರೆದುಕೊಂಡು ನಿಂತ. ಸರ್ವರಕ್ಕ ಒಡತಿಯ ಮುಖವನ್ನೇ ನೋಡಿದಳು. ಅಲ್ಲಿ ಗಾಬರಿ ಬರಬೇಕಿತ್ತು, ಸಿಟ್ಟು ಬರಬೇಕಿತ್ತು, ಏನಿಲ್ಲವೆಂದರೂ ಯಾಕಣ್ಣಾ ಎಂಬ ಒಂದು ಮಾತು ಬರಬೇಕಿತ್ತು. ಒಡತಿ ಅಣ್ಣನನ್ನು ನೋಡಿದಳು. ಅಣ್ಣನ ಹಿಂದಿದ್ದ ಪರದೆಯ ಒಂದು ಅಂಚನ್ನು ನೋಡಿದಳು. ಒಳಗೆ ಬಂದು, ಕೈ ಚಾಚಿ, ಪರದೆಯ ಗುಂಡಿ ಒತ್ತಿ ಆರಿಸಿದಳು.

"ಬಾ ಅಣ್ಣಾ. ಕೆಳಗೆ ಕಾಯ್ತಿದಾರೆ."

ಯಾಕೆ ಎಂದು ಕೇಳಲಿಲ್ಲ. ಯಾವಾಗ ಎಂದು ಕೇಳಲಿಲ್ಲ. ಪಾಸ್‌ವರ್ಡೇ ಗೊತ್ತಿಲ್ಲದ ನೀನು ಹೇಗೆ ಎಂದೂ ಕೇಳಲಿಲ್ಲ.

ರಾಯರು ಹೊರಡುವಾಗ ಒಮ್ಮೆ ತಿರುಗಿ ಸರ್ವರಕ್ಕನನ್ನು ನೋಡಿದರು. ಮಾತು ಕೊಟ್ಟಿದ್ದೀಯ ಎನ್ನುವ ನೋಟ ಅದು. ಅವರು ಕಳ್ಳರಲ್ಲ ಎಂದು ತೋರಿಸಲು ಒಂದೇ ದಾರಿ, ಆ ಸೆಂಟು ಅವರು ಮಾಡಿದ್ದಲ್ಲ, ಮಾಡಲು ಅವರಿಗೆ ಆಗುವುದೂ ಇಲ್ಲ ಎಂದು ಹೇಳುವುದು. ಅಷ್ಟು ಹೇಳಿದರೆ ಅವರು ಜೈಲಿನಿಂದ ಉಳಿಯುತ್ತಿದ್ದರು; ಮೂಗುರಾಯರಾಗಿ ಉಳಿಯುತ್ತಿರಲಿಲ್ಲ.

ಉಳಿದದ್ದು ಆ ಭಾನುವಾರದ ಎರಡು ಸಾಲು. ಅವು ರಾಯರ ಗುಟ್ಟನ್ನು ಬಿಟ್ಟುಕೊಡದೆಯೇ ಸಾಕ್ಷಿ ಹೇಳಬಲ್ಲವು.

ಒಡತಿ ಬಾಗಿಲಲ್ಲಿ ನಿಂತಳು, ಏನೋ ಮರೆತದ್ದು ನೆನಪಾದವಳ ಹಾಗೆ.

"ನಿಮ್ಮ ಕೆಲಸ ಮುಗೀತು ಕಣ್ರೀ. ಇವತ್ತೇ ಹೊರಡಬಹುದು. ಅಳಿಯಂದ್ರೇ, ನೀವೀಗ ಸರ್ವರಿಗೆ ಹೋಗಿ. ಹಳೇ ಲಾಗುಗಳೆಲ್ಲ ಸುಮ್ನೆ ಜಾಗ ತಿಂತಿವೆ. ಭಾನುವಾರದ್ದು ಸೋಮವಾರದ್ದು ಅಂತ ನೋಡ್ತಾ ಕೂರಬೇಡಿ, ಒಂದೂ ಬಿಡದೆ ಅಳಿಸಿ."

ಅತ್ತೆಯ ಬಾಯಿಂದ ಮೊದಲ ಬಾರಿಗೆ ಅಳಿಯಂದ್ರೇ ಎಂಬ ಬಹುವಚನ ಕೇಳಿಸಿಕೊಂಡ ಅಳಿಯ, ಮುಖ ತುಂಬ ಬೆಳಕು ತುಂಬಿಕೊಂಡು, ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿಯುತ್ತ ಗೋದಾಮಿನ ಕಡೆ ಓಡುತ್ತಿದ್ದ.